ಪಿತೃಪ್ರಧಾನತೆ ಬೇರೆ, ಪಾಲಕ ಧೋರಣೆ ಬೇರೆ

ಹೆಲ್ಮೆಟ್ ಕಡ್ಡಾಯ ಮಾಡಿದ್ದೂ ಪಿತೃಪ್ರಧಾನತೆಯಂತೆ! ದಾವಣಗೆರೆಯ ವಿಚಾರಗೋಷ್ಠಿಯೊಂದರಲ್ಲಿ ಒಬ್ಬರು ಹೀಗೆ ಹೇಳಿದರು, ಯಾರೂ ತಿದ್ದಲಿಲ್ಲ. ಹೆಲ್ಮೆಟ್ ಗಂಡಸಿಗೂ ಕಡ್ಡಾಯವೇ ಅಲ್ವಾ? ಅದು ಪಾಲಕ ಧೋರಣೆ, ಅಂದರೆ ಪೆಟರ್ನಲಿಸಂ. 'ನಿನ್ನ ಒಳ್ಳೆಯದಕ್ಕೇ' ಅಂತ ಇನ್ನೊಬ್ಬರ ತೀರ್ಮಾನವನ್ನು ತಾನೇ ಮಾಡುವುದು. ಆ ಪದದಲ್ಲೂ, ಪಿತೃಪ್ರಧಾನತೆಯ ಇಂಗ್ಲಿಷ್ ಹೆಸರಾದ ಪೇಟ್ರಿಯಾರ್ಕಿಯಲ್ಲೂ ಅಪ್ಪ ಇದ್ದಾನೆ, ಗೊಂದಲ ಶುರುವಾಗುವುದೇ ಅಲ್ಲಿ. ಆದರೆ ಪೇಟ್ರಿಯಾರ್ಕಿಯ ಬಾಲದಲ್ಲಿರುವ ಗ್ರೀಕ್ ಮಾತಿಗೆ ಆಳ್ವಿಕೆ ಅಂತ ಅರ್ಥ. ಅಧಿಕಾರ, ಆಸ್ತಿ ಯಾರ ಕೈಯಲ್ಲಿದೆ ಅನ್ನುವುದೇ ಅಲ್ಲಿನ ಪ್ರಶ್ನೆ.

ಭದ್ರಾ ನಾಲೆ ಕೆಳಗಿನ ಗದ್ದೆ ಪಾಲಾಗುವಾಗ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. ಆದರೂ ಅಣ್ಣ ಕಾರು ಮಾಡಿಕೊಂಡು ಹೋಗಿ ತಂಗಿಯನ್ನು ಕರೆತರುತ್ತಾನೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ, ಹೆಬ್ಬೆಟ್ಟು. ಕೈಗೆ ಒಂದು ಸೀರೆ, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು. 'ತವರು ಕಳ್ಕೋಬೇಡ ಕಣವ್ವ' ಅಂತ ಒಪ್ಪಿಸಿದ್ದು ಹೆತ್ತ ತಾಯಿಯೇ. ಇದು ಪಿತೃಪ್ರಧಾನತೆ. ಇದನ್ನು ನಡೆಸಲು ಗಂಡಸೇ ಮುಂದೆ ನಿಲ್ಲಬೇಕಿಲ್ಲ.

ಅದೇ ಮನೆಯ ಯಜಮಾನರಿಗೆ ಕ್ಯಾನ್ಸರ್ ಬಂತು ಅಂದುಕೊಳ್ಳಿ. ಡಾಕ್ಟರು ಮಗನನ್ನು ಹೊರಗೆ ಕರೆದು ಹೇಳುತ್ತಾರೆ. 'ಅಪ್ಪಾಜಿಗೆ ಗೊತ್ತಾಗೋದು ಬೇಡ, ಧೈರ್ಯಗೆಡ್ತಾರೆ' ಅಂತ ಮಗ ಕೈಮುಗಿಯುತ್ತಾನೆ. ಆಪರೇಷನ್ ಬೇಕೋ ಬೇಡವೋ, ಎಲ್ಲ ಅವರಿಗೆ ತಿಳಿಯದೆಯೇ ತೀರ್ಮಾನವಾಗುತ್ತದೆ. ಊರಿಗೇ ಪಂಚಾಯ್ತಿ ಹೇಳುತ್ತಿದ್ದವರ ಮೇಲೆ ಈಗ ನಡೆಯುತ್ತಿರುವುದು ಪಾಲಕ ಧೋರಣೆ. ಇದರಲ್ಲಿ ಪ್ರೀತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಕಾಯಿಲೆ ಅವರದು, ಅವರನ್ನೇ ಕೇಳಬೇಕಿತ್ತು.

ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಯಜಮಾನರನ್ನು ಕೇಳಿದ್ದರೆ ಆ ತಪ್ಪು ಅಲ್ಲಿಗೇ ಸರಿಹೋಗುತ್ತಿತ್ತು. ತಂಗಿಯನ್ನು ಕೇಳಿಯೇ ಸಹಿ ಹಾಕಿಸಿದ್ದಾರಲ್ಲ! ಅವಳು ಒಪ್ಪಿದ್ದಾಳೆ ಕೂಡ. ಸಹಿ ಹಾಕಲ್ಲ ಅಂದಿದ್ದರೆ ಹಬ್ಬಕ್ಕೆ ಕರೆಯುವವರು ಯಾರು?

ಎರಡೂ ಹೆಣೆದುಕೊಂಡಿರುವ ಕಡೆಯೂ ಇದೆ. ಒಂದು ಕಾಲಕ್ಕೆ ದಾವಣಗೆರೆ ಅಂದರೆ ಹತ್ತಿ ಗಿರಣಿ. 1948ರ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರು ಕೆಲಸ ಮಾಡಬಾರದು ಎಂದಿತು. ವಯಸ್ಸಿಗೆ ಬಂದವಳ ಪರವಾಗಿ ಸರ್ಕಾರವೇ ತೀರ್ಮಾನಿಸಿದ್ದು ಪಾಲಕ ಧೋರಣೆ. ಗಂಡಸಿನ ವಿಷಯದಲ್ಲಿ ಹಾಗೆ ಮಾಡದೆ, ಜಾಸ್ತಿ ಕೂಲಿಯ ರಾತ್ರಿ ಪಾಳಿ ಸಿಕ್ಕರೆ ಅದನ್ನು ಅವನಿಗೇ ಉಳಿಸಿದ್ದು ಪಿತೃಪ್ರಧಾನತೆ. ಆಮೇಲೆ ನಿಷೇಧ ಸಡಿಲವಾಗಿ ಮೊದಲನೆಯದು ಕಡಿಮೆಯಾಗಿದೆ. ಆದರೆ ರಾತ್ರಿ ಪಾಳಿಗೆ ಹೋಗಲು ಗಂಡ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ಹೆಂಡತಿ ಈಗಲೂ ಮನೆಯಲ್ಲಿ ಕೇಳಬೇಕು.