101, ಹೈವೇ 1, ಪಿಸಿಎಚ್: ಮೂರೂ ಒಂದೇ ರಸ್ತೆಯಾ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ದಾರಿ ಕೇಳಿದರೆ ಒಬ್ಬರು 101 ಅನ್ನುತ್ತಾರೆ, ಇನ್ನೊಬ್ಬರು ಹೈವೇ 1, ಮತ್ತೊಬ್ಬರು ಪಿಸಿಎಚ್. ಮೂರೂ ಒಂದೇನಾ? 101 ಅನ್ನುವುದು 1ರ ಕವಲಾ?

ಒಂದೇ ಅಲ್ಲ, ಕವಲೂ ಅಲ್ಲ. ಗೊಂದಲವಾಗುವುದು ಸಹಜ. 101 ಮತ್ತು ಹೈವೇ 1 ಎರಡೂ ಅಲ್ಲಲ್ಲಿ ಕೂಡಿಕೊಂಡು, ಒಂದಷ್ಟು ದೂರ ಒಟ್ಟಿಗೆ ಹೋಗಿ, ಮತ್ತೆ ಬೇರೆಯಾಗುತ್ತವೆ.

ಮೊದಲು ಫಲಕ ನೋಡಿ. ಬಿಳಿ ಗುರಾಣಿಯ ಮೇಲೆ ಕಪ್ಪು ಅಂಕಿಯಿದ್ದರೆ ಅದು ಯು.ಎಸ್. ರೂಟ್, ಅಂದರೆ ದೇಶಮಟ್ಟದ ಸಂಖ್ಯೆಯಿರುವ ರಸ್ತೆ: 101. ಹಸಿರು ಸಲಿಕೆಯ ಆಕಾರದ ಮೇಲೆ ಬಿಳಿ ಅಂಕಿಯಿದ್ದರೆ ಅದು ಕ್ಯಾಲಿಫೋರ್ನಿಯಾದ ರಾಜ್ಯ ಹೆದ್ದಾರಿ: 1. ಆ ಸಲಿಕೆ ಚಿನ್ನ ಅಗೆಯಲು ಬಂದವರ ನೆನಪಿಗೆ. 101 ಲಾಸ್ ಏಂಜಲೀಸ್‌ನಿಂದ ಆರೆಗಾನ್ ದಾಟಿ ವಾಷಿಂಗ್ಟನ್ ರಾಜ್ಯದವರೆಗೆ, ಸುಮಾರು 2,480 ಕಿ.ಮೀ. ಹೈವೇ 1 ಡೇನಾ ಪಾಯಿಂಟ್‌ನಿಂದ ಲೆಗೆಟ್‌ವರೆಗೆ, ಸುಮಾರು 1,055 ಕಿ.ಮೀ.; ಲೆಗೆಟ್‌ನಲ್ಲಿ 101ಕ್ಕೇ ಸೇರಿ ಮುಗಿಯುತ್ತದೆ. ಪಿಸಿಎಚ್ ಎಂದರೆ ಪೆಸಿಫಿಕ್ ಕೋಸ್ಟ್ ಹೈವೇ, ಹೈವೇ 1ರ ದಕ್ಷಿಣ ಭಾಗಕ್ಕೆ ಬಿದ್ದ ಹೆಸರು. ಆ ತುಂಡಿಗೆ 1964ರವರೆಗೆ '101 ಆಲ್ಟರ್ನೇಟ್' ಎಂಬ ಸಂಖ್ಯೆಯೇ ಇತ್ತು.

ಇನ್ನು ಸಂಖ್ಯೆಯ ವಿಷಯ. 1926ರ ನವೆಂಬರ್‌ನಲ್ಲಿ ಯು.ಎಸ್. ರೂಟ್‌ಗಳಿಗೆ ಅಂಕಿ ಕೊಟ್ಟಾಗ ಉತ್ತರ-ದಕ್ಷಿಣದ ರಸ್ತೆಗಳಿಗೆ ಬೆಸ ಸಂಖ್ಯೆ. ಪೂರ್ವ ಕರಾವಳಿಯಲ್ಲಿ 1ರಿಂದ ಶುರುವಾಗಿ ಪಶ್ಚಿಮಕ್ಕೆ ಹೋದಂತೆ ಏರಿಕೆ. ಮುಖ್ಯ ರಸ್ತೆಗಳ ಕೊನೆಯ ಅಂಕಿ 1. ಪಶ್ಚಿಮ ಕರಾವಳಿ ತಲುಪುವಷ್ಟರಲ್ಲಿ ಒಳನಾಡಿನ ರಸ್ತೆಗೆ 99 ಹೋಗಿ ಎರಡಂಕಿ ಮುಗಿದೇ ಹೋಗಿತ್ತು. ಸಾಮಾನ್ಯವಾಗಿ ಮೂರಂಕಿ ಎಂದರೆ ಕವಲು, 120 ಎಂದರೆ 20ರದ್ದು. ಇಲ್ಲಿ ಮಾತ್ರ '10' ಅನ್ನು ಒಂದೇ ಅಂಕಿಯೆಂದು ಎಣಿಸಿ, ಮುಂದೆ 1 ಹಚ್ಚಿ, 101 ಅನ್ನು ಮುಖ್ಯ ರಸ್ತೆಯಾಗಿಯೇ ಉಳಿಸಿಕೊಂಡರು. ಯು.ಎಸ್. 1 ಇರುವುದು ದೇಶದ ಇನ್ನೊಂದು ಅಂಚಿನಲ್ಲಿ, ಮೇನ್‌ನಿಂದ ಫ್ಲೋರಿಡಾವರೆಗೆ.

ಆಗ 101 ಮೆಕ್ಸಿಕೊ ಗಡಿಯವರೆಗೂ ಇತ್ತು. ಇಂಟರ್‌ಸ್ಟೇಟ್ 5 ಎಂಬ ಅಂತರರಾಜ್ಯ ಹೆದ್ದಾರಿ ಬಂದ ಮೇಲೆ ಲಾಸ್ ಏಂಜಲೀಸ್‌ನಲ್ಲೇ ಮೊಟಕಾಯಿತು. ಮೊದಮೊದಲು ರಸ್ತೆಯ ನಡುವೆ ನೀರು ಅಡ್ಡ ಬಂದ ಕಡೆಗಳಲ್ಲಿ ಕಾರನ್ನು ದೋಣಿಗೆ ಹತ್ತಿಸಬೇಕಿತ್ತು. ಗೋಲ್ಡನ್ ಗೇಟ್ ಸೇತುವೆ ತೆರೆದದ್ದು 1937ರಲ್ಲಿ. ಆರೆಗಾನ್‌ನ ಐದು ನದೀಮುಖಗಳಿಗೆ ಕಾಂಡೆ ಮೆಕಲೊ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ ಸೇತುವೆಗಳು 1936ರಲ್ಲಿ ಸಿದ್ಧವಾದವು. ಕೂಸ್ ಬೇಯದ್ದೊಂದೇ 1.6 ಕಿ.ಮೀ. ಅವುಗಳಲ್ಲಿ ವಾಲ್ಡ್‌ಪೋರ್ಟ್‌ನದ್ದು ಉಳಿಯಲಿಲ್ಲ: ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿತು, 1991ರಲ್ಲಿ ಹೊಸದನ್ನು ಕಟ್ಟಿದರು. ಕೊಲಂಬಿಯಾ ನದಿಗೆ ಆಸ್ಟೋರಿಯಾದಲ್ಲಿ 6.5 ಕಿ.ಮೀ. ಸೇತುವೆ ಬಂದದ್ದು 1966ರಲ್ಲಿ. ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶ) ಕನ್ನಡಿಗರಿಗೆ 101 ಎಂದರೆ ಸ್ಯಾನ್ ಹೋಸೆ ಕಡೆಯ ಟ್ರಾಫಿಕ್ ಜಾಮ್ ಅಷ್ಟೇ. ಈ ರಸ್ತೆಯ ನಿಜವಾದ ಚೆಂದ ಇರುವುದು ಆರೆಗಾನ್‌ನಲ್ಲಿ.

ಲಾಸ್ ಏಂಜಲೀಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವವರಿಗೆ: ಇಂಟರ್‌ಸ್ಟೇಟ್ 5 ಹಿಡಿದರೆ ಸುಮಾರು ಆರು ತಾಸು, ದಾರಿ ಬೇಸರ. 101ರಲ್ಲಿ ಸುಮಾರು 690 ಕಿ.ಮೀ., ಏಳು ತಾಸಿನ ಮೇಲೆ. ಹೈವೇ 1ರಲ್ಲಿ ಹತ್ತು ತಾಸೂ ಸಾಲದು. ಎರಡು ದಿನ ಇಟ್ಟುಕೊಳ್ಳಿ. ಹೈವೇ 1ರ ಬಿಗ್ ಸರ್ ಎಂಬ ಕರಾವಳಿ ಭಾಗದಲ್ಲಿ ಕಡಿದಾದ ಬೆಟ್ಟವನ್ನು ಕೊರೆದು ರಸ್ತೆ ಮಾಡಿರುವುದರಿಂದ ಮಳೆ ಜೋರಾದರೆ ಗುಡ್ಡವೇ ಜಾರುತ್ತದೆ. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಕುಸಿದ ರಸ್ತೆ ತೆರೆದದ್ದು 2018ರ ಜುಲೈನಲ್ಲಿ. ಹೊರಡುವ ಮುನ್ನ ಕ್ಯಾಲ್‌ಟ್ರಾನ್ಸ್‌ನ (ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆ) ರಸ್ತೆ ಸ್ಥಿತಿ ನೋಡಿಕೊಳ್ಳಿ. ನಡುವೆ ಮುಚ್ಚಿದ್ದರೆ ಹಿಂದಿರುಗಿ 101ಕ್ಕೇ ಬರಬೇಕಾಗುತ್ತದೆ, ಅಡ್ಡದಾರಿಗಳು ಅಪರೂಪ.

ದಿಕ್ಕಿನಲ್ಲೂ ಜನ ತಪ್ಪುತ್ತಾರೆ. ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ '101 ನಾರ್ತ್' ಎಂಬ ಫಲಕ ನಿಮ್ಮನ್ನು ಪಶ್ಚಿಮಕ್ಕೆ ಒಯ್ಯುತ್ತದೆ. ವೆಂಚುರಾದಿಂದ ಗವಿಯೋಟದವರೆಗೂ ಹೀಗೇ, ಸಮುದ್ರ ನಿಮ್ಮ ಎಡಕ್ಕೆ, ಅಂದರೆ ದಕ್ಷಿಣಕ್ಕೆ. ದಿಕ್ಸೂಚಿ ಬಿಟ್ಟು ಊರ ಹೆಸರು ನೋಡಿ ಲೇನ್ ಹಿಡಿಯಿರಿ. ಸ್ಯಾನ್ ಫ್ರಾನ್ಸಿಸ್ಕೊದೊಳಗೆ 101 ಫ್ರೀವೇ ಅಲ್ಲ. ವ್ಯಾನ್ ನೆಸ್ ಅವೆನ್ಯೂ, ಲೊಂಬಾರ್ಡ್ ಬೀದಿಯ ಸಿಗ್ನಲ್‌ಗಳಲ್ಲಿ ನಿಂತು ನಿಂತು ಗೋಲ್ಡನ್ ಗೇಟ್ ಸೇರಬೇಕು. ಅಲ್ಲಿ ಟೋಲ್ ಇರುವುದು ನಗರದ ಕಡೆಗೆ ಬರುವವರಿಗೆ ಮಾತ್ರ, ನಗದು ತೆಗೆದುಕೊಳ್ಳುವುದಿಲ್ಲ. ಬಾಡಿಗೆ ಕಾರಾದರೆ ಟೋಲ್‌ಗೆ ಕಂಪನಿ ಏನು ಶುಲ್ಕ ಹಾಕುತ್ತದೆಂದು ಮೊದಲೇ ಕೇಳಿಡಿ.

ಕೊನೆಯ ತಮಾಷೆ ವಾಷಿಂಗ್ಟನ್ ರಾಜ್ಯದ್ದು. ಅಲ್ಲಿ 101 ಒಲಿಂಪಿಕ್ ಪರ್ಯಾಯದ್ವೀಪವನ್ನು ತಲೆಕೆಳಗಾದ ಯು ಅಕ್ಷರದಂತೆ ಸುತ್ತುತ್ತದೆ: ಫೋರ್ಕ್ಸ್‌ವರೆಗೆ ಉತ್ತರಕ್ಕೆ, ಪೋರ್ಟ್ ಏಂಜಲೀಸ್ ಕಡೆ ಪೂರ್ವಕ್ಕೆ, ಆಮೇಲೆ ಹುಡ್ ಕೆನಾಲ್ ಪಕ್ಕದಲ್ಲಿ ಕೆಳಗೆ. ಹಾಗಾಗಿ ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆಂದು ಹೊರಟವರು ಟಮ್‌ವಾಟರ್‌ನಲ್ಲಿ ರಸ್ತೆಯ 'ಉತ್ತರ ತುದಿ' ಮುಟ್ಟುವುದು ದಕ್ಷಿಣದ ಕಡೆಗೆ ಮುಖ ಮಾಡಿಕೊಂಡು.