ಟಿಕೆಟ್ ಇದ್ದರೂ ಬಾಗಿಲಲ್ಲೇ ನಿಲ್ಲಬೇಕಾದವರು

2024ರ ಜುಲೈ 16ರ ಸಂಜೆ ಹಾವೇರಿ ಜಿಲ್ಲೆಯ ರೈತರೊಬ್ಬರು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ವರ್ಲ್ಡ್ ಮಾಲ್‌ಗೆ ಹೋದರು. ಜೊತೆಗೆ ಮಗ ಇದ್ದ. ಇಬ್ಬರೂ ಸಿನಿಮಾ ನೋಡಲು ಬಂದವರು. ಟಿಕೆಟ್ ಮೊದಲೇ ತೆಗೆದಿದ್ದರು. ಬಾಗಿಲಲ್ಲಿ ಸೆಕ್ಯುರಿಟಿಯವರು ತಡೆದರು. ಪಂಚೆ ಉಟ್ಟವರನ್ನು ಬಿಡುವ ಹಾಗಿಲ್ಲ, ಪ್ಯಾಂಟ್ ಹಾಕಿಕೊಂಡು ಬನ್ನಿ ಅಂದರು. ಮಗ ಅದನ್ನು ವಿಡಿಯೊ ಮಾಡಿದ. ಮರುದಿನದ ಹೊತ್ತಿಗೆ ಅದನ್ನು ಇಡೀ ರಾಜ್ಯ ನೋಡಿತ್ತು.

ಮುಂದಿನದ್ದೆಲ್ಲ ಬೇಗ ಬೇಗ ನಡೆಯಿತು. ರೈತ ಸಂಘಟನೆಗಳವರು, ಕನ್ನಡ ಸಂಘಟನೆಗಳವರು ಮಾಲ್ ಮುಂದೆ ಸೇರಿದರು. ಕೆಲವರು ಪಂಚೆ ಉಟ್ಟುಕೊಂಡೇ ಬಂದರು. ಮಾಲ್‌ನವರು ಕ್ಷಮೆ ಕೇಳಿ, ಆ ರೈತರನ್ನು ಕರೆಸಿ ಶಾಲು ಹೊದಿಸಿದರು. 18ರಂದು ವಿಧಾನಸಭೆಯಲ್ಲಿ ಪಕ್ಷಭೇದ ಇಲ್ಲದೆ ಶಾಸಕರು ಸಿಟ್ಟಾದರು. ಮಾಲ್ ಅನ್ನು ಏಳು ದಿನ ಮುಚ್ಚಿಸುತ್ತೇವೆ ಎಂದು ನಗರಾಭಿವೃದ್ಧಿ ಸಚಿವ ಬೈರತಿ ಸುರೇಶ್ ಸದನದಲ್ಲೇ ಹೇಳಿದರು. ಅದೇ ದಿನ ಬಾಗಿಲು ಮುಚ್ಚಿತು. ಸುಮಾರು 1.78 ಕೋಟಿ ರೂಪಾಯಿ ಆಸ್ತಿ ತೆರಿಗೆ ಬಾಕಿ ಇದೆ ಎಂಬ ವಿಷಯವೂ ಆಗಲೇ ಹೊರಗೆ ಬಂತು.

ಅಷ್ಟಕ್ಕೆ ವಿಷಯ ಮುಗಿಯಿತು ಅಂತ ಬಹಳ ಜನ ಅಂದುಕೊಂಡರು. ನನಗೆ ಹಾಗೆ ಅನ್ನಿಸಲಿಲ್ಲ. ಈ ಘಟನೆ ನಡೆದಾಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ದಿನಾ ಉಡುವುದು ಪಂಚೆ. ದೇವೇಗೌಡರು ಪ್ರಧಾನಿಯಾಗಿ 1996ರಲ್ಲಿ ಕೆಂಪುಕೋಟೆಯ ಮೇಲೆ ನಿಂತಿದ್ದೂ ಪಂಚೆಯಲ್ಲೇ. ಇಂಥ ರಾಜ್ಯದ ರಾಜಧಾನಿಯಲ್ಲಿ ಪಂಚೆಗೆ ಪ್ರವೇಶ ಇಲ್ಲ ಎಂಬ ನಿಯಮ ಎಲ್ಲಿಂದ ಬಂತು? ಯಾರು ಮಾಡಿದ್ದು? ಎಲ್ಲಿ ಬರೆದಿತ್ತು? ಇದನ್ನು ತಿಳಿಯಬೇಕಾದರೆ ಮಾಲ್‌ಗಳಿಗೆ ಬಾಗಿಲು ಹೇಗೆ ಬಂತು ಎಂಬಲ್ಲಿಂದ ನೋಡಬೇಕು.

ನಮ್ಮ ಹಳೆಯ ಮಾರುಕಟ್ಟೆಗಳಿಗೆ ಬಾಗಿಲು ಕಾಯುವವರು ಇರಲಿಲ್ಲ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ ಎಲ್ಲ ಬೀದಿಗಳೇ. ಅಂಗಡಿಗೆ ಹೋಗುವವರೂ ಸುಮ್ನೆ ಹಾದು ಹೋಗುವವರೂ ಅಲ್ಲಿ ಒಂದೇ. 1920ರ ದಶಕದಲ್ಲಿ ಕಟ್ಟಿದ ಕೆ.ಆರ್. ಮಾರ್ಕೆಟ್‌ಗಾಗಲಿ, ಶಿವಾಜಿನಗರದ ರಸೆಲ್ ಮಾರ್ಕೆಟ್‌ಗಾಗಲಿ ದೊಡ್ಡ ಕಮಾನುಗಳಿವೆ. ಆದರೆ ಒಳಗೆ ಹೋಗುವವರನ್ನು ಮೇಲಿಂದ ಕೆಳಗೆ ನೋಡಿ ಬಿಡುವವರು ಇಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದೊಡ್ಡ ದೊಡ್ಡ ವ್ಯಾಪಾರ ನಡೆಯುತ್ತದೆ. ಅಲ್ಲಿಗೆ ಧೋತರ ಉಟ್ಟು ಬರುವ ರೈತರನ್ನು ಯಾರೂ ತಿರುಗಿ ನೋಡುವುದಿಲ್ಲ. ಅವರು ಬಂದರೇ ತಾನೆ ಮಾರುಕಟ್ಟೆ?

ಹಾಗಂತ ಹಳೆಯ ಕಾಲ ಎಲ್ಲರಿಗೂ ಒಳ್ಳೆಯದಾಗಿತ್ತು ಅಂತ ನಾನು ಹೇಳುತ್ತಿಲ್ಲ. ದಲಿತರಿಗೆ ಹೋಟೆಲಿನ ಒಳಗೆ ಜಾಗವಿರಲಿಲ್ಲ, ಕುಡಿಯಲು ಬೇರೆ ಲೋಟ. ಅಂಗಡಿಯ ಕಟ್ಟೆ ಹತ್ತುವ ಹಾಗಿರಲಿಲ್ಲ. ಕೆಲವು ಊರುಗಳಲ್ಲಿ ಇದು ಇವತ್ತಿಗೂ ಪೂರ್ತಿ ಹೋಗಿಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಹೆಸರು ಹಿಡಿದು ಮಾತಾಡುವುದು ಈ ಕಾರಣಕ್ಕೇ. ಅಂಗಡಿ, ಉಪಾಹಾರ ಗೃಹ, ಹೋಟೆಲ್, ಮನರಂಜನೆಯ ಜಾಗ, ಇಲ್ಲಿಗೆ ಬರುವವರನ್ನು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ತಡೆಯಬಾರದು ಎನ್ನುತ್ತದೆ ಆ ವಿಧಿ. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆಯಿತು. ಆಗ ಅಂಬೇಡ್ಕರ್ ಅವರು ಅಂಗಡಿ ಎಂದರೆ ಸಾಮಾನು ಮಾರುವ ಮಳಿಗೆ ಮಾತ್ರ ಅಲ್ಲ, ಬಟ್ಟೆ ಒಗೆಯುವವರು, ಕ್ಷೌರ ಮಾಡುವವರು, ಹೀಗೆ ಸೇವೆ ಕೊಡುವ ಎಲ್ಲರೂ ಅದರಲ್ಲಿ ಸೇರುತ್ತಾರೆ ಎಂದು ಬಿಡಿಸಿ ಹೇಳಿದ್ದರು. ಅಂಗಡಿಯ ಬಾಗಿಲು ನಮ್ಮ ದೇಶದಲ್ಲಿ ಅಷ್ಟು ದೊಡ್ಡ ವಿಷಯವಾಗಿತ್ತು.

ಸಿನಿಮಾ ಟಾಕೀಸುಗಳದ್ದು ಬೇರೆ ರೀತಿ. ಅಲ್ಲಿಯೂ ಮೇಲು ಕೀಳು ಇತ್ತು. ಪರದೆಯ ಹತ್ತಿರ ಗಾಂಧಿ ಕ್ಲಾಸು, ಹಿಂದೆ ಸೆಕೆಂಡ್ ಕ್ಲಾಸು, ಮೇಲೆ ಬಾಲ್ಕನಿ. ಆದರೆ ಅದನ್ನು ತೀರ್ಮಾನಿಸುತ್ತಿದ್ದದ್ದು ಕೈಯಲ್ಲಿದ್ದ ಟಿಕೆಟ್. ಬಾಲ್ಕನಿ ಟಿಕೆಟ್ ಇದ್ದವರು ಲುಂಗಿಯಲ್ಲಿದ್ದರೂ ಬಾಲ್ಕನಿಗೇ. ಬೆಂಗಳೂರಿಗೆ ಕೆಲಸಕ್ಕೆ ಬಂದವರು, ಕೋರ್ಟು ಕಚೇರಿಗೆ ಬಂದವರು ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು, ಕೆಂಪೇಗೌಡ ರಸ್ತೆಯಲ್ಲಿ ಒಂದು ಸಿನಿಮಾ ನೋಡಿ, ರಾತ್ರಿ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಆ ಭಾಗದ ಟಾಕೀಸುಗಳು ಒಂದೊಂದೇ ಮುಚ್ಚಿದವು. ಸಾಗರ್ ಹೋಯಿತು, ಮೇನಕಾ ಹೋಯಿತು. 1968ರಲ್ಲಿ ಶುರುವಾಗಿದ್ದ ಕಪಾಲಿ 2017ರಲ್ಲಿ ನಿಂತಿತು. ಸಿನಿಮಾ ಮಾಲ್‌ನ ಮೇಲಿನ ಮಹಡಿಗೆ ಹೋಯಿತು. ಅಲ್ಲಿಗೆ ಹೋಗಬೇಕಾದರೆ ಮೊದಲು ಮಾಲ್‌ನ ಬಾಗಿಲು ದಾಟಬೇಕು. ಹಾವೇರಿಯ ಆ ರೈತರು ಎರಡು ಬಾಗಿಲು ದಾಟಬೇಕಿತ್ತು. ಒಂದಕ್ಕೆ ಅವರ ಹತ್ತಿರ ಟಿಕೆಟ್ ಇತ್ತು. ಇನ್ನೊಂದಕ್ಕೆ ಏನು ಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮಾಲ್‌ನ ಆ ಬಾಗಿಲು ಹುಟ್ಟಿದಾಗಿನಿಂದಲೂ ಜನರನ್ನು ಆರಿಸುವ ಬಾಗಿಲೇ. 1999ರಲ್ಲಿ ಮುಂಬೈಯಲ್ಲಿ ಕ್ರಾಸ್‌ರೋಡ್ಸ್ ಎಂಬ ಮಾಲ್ ತೆರೆಯಿತು. ದೇಶದ ಮೊದಲ ಮಾಲ್‌ಗಳಲ್ಲಿ ಅದೂ ಒಂದು. ನೋಡಲು ಜನ ಮುಗಿಬಿದ್ದರು. ಆಗ ಅಲ್ಲಿನವರು ಒಂದು ನಿಯಮ ತಂದರು. ಮೊಬೈಲ್ ಫೋನ್ ಅಥವಾ ಕ್ರೆಡಿಟ್ ಕಾರ್ಡ್ ತೋರಿಸಿದವರಿಗೆ ಪ್ರವೇಶ ಉಚಿತ. ಎರಡೂ ಇಲ್ಲದವರು ಪ್ರವೇಶ ಶುಲ್ಕ ಕೊಡಬೇಕು. 1999ರಲ್ಲಿ ಮೊಬೈಲ್ ಎಷ್ಟು ಜನರ ಹತ್ತಿರ ಇತ್ತು ಹೇಳಿ. ಟೀಕೆ ಜಾಸ್ತಿಯಾಗಿ ಆ ನಿಯಮವನ್ನು ಕೈಬಿಟ್ಟರು. ಆದರೆ ಮನಸ್ಸಿನಲ್ಲಿದ್ದ ವಿಚಾರ ಅವತ್ತೇ ಗೊತ್ತಾಗಿತ್ತು: ಕೊಳ್ಳುವವರು ಬರಲಿ, ಸುಮ್ನೆ ನೋಡುವವರು ಬೇಡ.

ಬೆಂಗಳೂರಿಗೆ ದೊಡ್ಡ ಮಾಲ್ ಬಂದದ್ದು 2004ರಲ್ಲಿ. ಹೊಸೂರು ರಸ್ತೆಯ ಫೋರಂ, ಅದರಲ್ಲಿ 11 ಪರದೆಗಳ ಮಲ್ಟಿಪ್ಲೆಕ್ಸ್. ಈಗ ಅದರ ಹೆಸರು ನೆಕ್ಸಸ್. ಮರುವರ್ಷ ಮಗ್ರಾತ್ ರಸ್ತೆಯಲ್ಲಿ, ಪಾಲಿಕೆಯ ಜಾಗದಲ್ಲೇ, ಗರುಡಾ ಮಾಲ್ ಬಂತು. 2010ರಲ್ಲಿ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಮಂತ್ರಿ ಸ್ಕ್ವೇರ್. ಆಮೇಲೆ ವೈಟ್‌ಫೀಲ್ಡ್ ಕಡೆ ಫೀನಿಕ್ಸ್. ರಾಜಾಜಿನಗರದ ಹತ್ತಿರ ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಜಾಗದಲ್ಲಿ ಒರಾಯನ್. ಸೈರನ್ ಕೇಳಿ ಕೆಲಸಗಾರರು ಒಳಗೆ ಹೋಗುತ್ತಿದ್ದ ಎಷ್ಟೋ ಗೇಟುಗಳು ಹೀಗೆ ಗಾಜಿನ ಬಾಗಿಲುಗಳಾದವು.

ಮೊದಮೊದಲು ಆ ಬಾಗಿಲಲ್ಲಿ ಈಗಿನಷ್ಟು ತಪಾಸಣೆ ಇರಲಿಲ್ಲ. ಅದು ಬಿಗಿಯಾದದ್ದಕ್ಕೆ ನಿಜವಾದ ಕಾರಣ ಇದೆ, ಅದನ್ನು ಮರೆಯಬಾರದು. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟ ಆಯಿತು. ಅದರಲ್ಲಿ ಒಂದು ಮಡಿವಾಳದಲ್ಲಿ. ಮರುದಿನ ಫೋರಂ ಮಾಲ್ ಹತ್ತಿರವೇ ಸಿಡಿಯದ ಬಾಂಬ್ ಸಿಕ್ಕಿ, ಅದನ್ನು ನಿಷ್ಕ್ರಿಯ ಮಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಮುಂಬೈ ದಾಳಿ. ಅಲ್ಲಿಂದ ಮುಂದೆ ದೇಶದ ಎಲ್ಲ ಮಾಲ್‌ಗಳಲ್ಲೂ ಮೆಟಲ್ ಡಿಟೆಕ್ಟರ್ ಚೌಕಟ್ಟು, ಬ್ಯಾಗ್ ತಪಾಸಣೆ, ಹೆಂಗಸರಿಗೆ ಪರದೆಯ ಹಿಂದೆ ಬೇರೆ ಸಾಲು ಬಂದವು. 2017ರಲ್ಲಿ ಕರ್ನಾಟಕ ಸರ್ಕಾರ ಸಾರ್ವಜನಿಕ ಸುರಕ್ಷತೆಯ ಕಾನೂನನ್ನೇ ಮಾಡಿತು. ಜನ ಜಾಸ್ತಿ ಸೇರುವ ಕಡೆ ಸಿಸಿಟಿವಿ ಇರಬೇಕು, ಒಳಗೆ ಬರುವವರ ಮೇಲೆ ನಿಗಾ ಇರಬೇಕು, ದೃಶ್ಯಗಳನ್ನು 30 ದಿನ ಇಟ್ಟುಕೊಳ್ಳಬೇಕು ಎಂದು ಅದರಲ್ಲಿದೆ.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ತಪಾಸಣೆಗೆ ಒಬ್ಬರನ್ನು ನಿಲ್ಲಿಸಿದ ಮೇಲೆ ಅವರ ಕೆಲಸ ಬ್ಯಾಗ್ ನೋಡುವುದಕ್ಕೇ ನಿಲ್ಲಲಿಲ್ಲ. ಬಾಂಬ್ ಹುಡುಕಲು ನಿಂತ ಕಣ್ಣು ಬಟ್ಟೆಯನ್ನೂ ನೋಡತೊಡಗಿತು. ಕಾಲಲ್ಲಿ ಹವಾಯಿ ಚಪ್ಪಲಿಯೋ ಶೂಸೋ, ಕೈಯಲ್ಲಿ ಗೋಣಿಚೀಲವೋ ಲ್ಯಾಪ್‌ಟಾಪ್ ಬ್ಯಾಗೋ ಎಂದು ಲೆಕ್ಕ ಹಾಕತೊಡಗಿತು. ಸುರಕ್ಷತೆಯ ಕಾನೂನಿನಲ್ಲಿ ಬಟ್ಟೆಯ ಮಾತೇ ಇಲ್ಲ. ಪಂಚೆಯಿಂದ ಯಾವ ಸುರಕ್ಷತೆಗೆ ಧಕ್ಕೆ ಬರುತ್ತದೆ ಎಂದು ಯಾವ ಮಾಲ್‌ನವರೂ ಹೇಳಲಾರರು.

ಇದು ಬೆಂಗಳೂರಿಗೆ ಮಾತ್ರ ಸೇರಿದ್ದಲ್ಲ. 2017ರ ಜುಲೈನಲ್ಲಿ ಕೋಲ್ಕತ್ತದ ಕ್ವೆಸ್ಟ್ ಮಾಲ್‌ನಲ್ಲಿ ಧೋತಿ ಉಟ್ಟಿದ್ದ ಚಿತ್ರನಿರ್ದೇಶಕರೊಬ್ಬರನ್ನು ತಡೆದರು. ಅವರು ಇಂಗ್ಲಿಷಿನಲ್ಲಿ ಜೋರಾಗಿ ಪ್ರಶ್ನಿಸಿದ ಮೇಲೆ ಒಳಗೆ ಬಿಟ್ಟರು ಎಂದು ಜೊತೆಗಿದ್ದವರು ಬರೆದರು. ಇದನ್ನು ಓದಿದಾಗ ನನಗೆ ಬಹಳ ಬೇಜಾರಾಯಿತು. ಬಟ್ಟೆ ಬದಲಾಗಲಿಲ್ಲ, ಭಾಷೆ ಬದಲಾಯಿತು, ಬಾಗಿಲು ತೆರೆಯಿತು. ಅಂದರೆ ತಡೆದದ್ದು ಧೋತಿಯನ್ನಲ್ಲ. ಇವರು ನಮ್ಮನ್ನು ಕೇಳುವವರಲ್ಲ ಎಂದುಕೊಂಡು ತಡೆದದ್ದು.

ತಮಿಳುನಾಡು ಇದಕ್ಕೆ ಕಾನೂನನ್ನೇ ಮಾಡಿತು. 2014ರ ಜುಲೈನಲ್ಲಿ ಚೆನ್ನೈನ ಒಂದು ಕ್ರಿಕೆಟ್ ಕ್ಲಬ್‌ನಲ್ಲಿ ವೇಷ್ಟಿ, ಅಂದರೆ ನಮ್ಮ ಪಂಚೆ, ಉಟ್ಟಿದ್ದ ಹೈಕೋರ್ಟ್ ನ್ಯಾಯಮೂರ್ತಿಗೇ ಪ್ರವೇಶ ಕೊಡಲಿಲ್ಲ. ಜಯಲಲಿತಾ ಸರ್ಕಾರ ಮುಂದಿನ ತಿಂಗಳೇ ಮಸೂದೆ ತಂದಿತು. ವೇಷ್ಟಿ ಅಥವಾ ಬೇರೆ ಸಾಂಪ್ರದಾಯಿಕ ಉಡುಪು ಹಾಕಿದ ಕಾರಣಕ್ಕೆ ಸಾರ್ವಜನಿಕ ಜಾಗದಲ್ಲಿ ಯಾರನ್ನೂ ತಡೆಯಬಾರದು. ತಡೆದರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿವರೆಗೆ ದಂಡ. ಕ್ಲಬ್‌ನ ಪರವಾನಗಿಯೂ ಹೋಗಬಹುದು. ಅಲ್ಲಿ ಕಾನೂನು ಬಂದದ್ದು ನ್ಯಾಯಮೂರ್ತಿಯನ್ನು ತಡೆದಾಗ. ನಮ್ಮಲ್ಲಿ ತಡೆದದ್ದು ರೈತರನ್ನು. ನಮಗೆ ಸಿಕ್ಕಿದ್ದು ಏಳು ದಿನದ ಬೀಗ. ಇದು ನನಗೆ ನೋವಿನ ವಿಷಯ.

15ನೇ ವಿಧಿಯ ಪಟ್ಟಿಯಲ್ಲಿ ಬಟ್ಟೆ ಇಲ್ಲ. ಜಾತಿ ಕೇಳಿ ತಡೆದರೆ ಅದು ಅಪರಾಧ ಎಂದು ನೇರವಾಗಿ ಹೇಳಬಹುದು. ಬಟ್ಟೆ ನೋಡಿ ತಡೆದರೆ ಮಾಲ್‌ನವರು ಇದು ನಮ್ಮ ಖಾಸಗಿ ಜಾಗ, ನಮ್ಮ ನಿಯಮ ಎನ್ನುತ್ತಾರೆ. ಆದರೆ ನಮ್ಮ ದೇಶದಲ್ಲಿ ಬಟ್ಟೆ ನೋಡಿದರೆ ಊರು, ಕಸುಬು, ಎಷ್ಟೋ ಸಲ ಧರ್ಮವೂ ಗೊತ್ತಾಗುತ್ತದೆ ಅಲ್ವಾ? ಹಾಗಾಗಿ ಬಟ್ಟೆಯ ನಿಯಮ ಬಟ್ಟೆಯ ಮಟ್ಟಿಗೆ ನಿಲ್ಲುವುದೇ ಇಲ್ಲ.

ಇನ್ನು ಬಾಗಿಲಲ್ಲಿ ನಿಂತವರ ಬಗ್ಗೆ. ಮಾಗಡಿ ರಸ್ತೆಯ ಘಟನೆಗೆ ಐದು ತಿಂಗಳು ಮೊದಲು, 2024ರ ಫೆಬ್ರವರಿಯಲ್ಲಿ, ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತಿದ್ದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಎಂದು ತಡೆದಿದ್ದರು. ಅವರ ಹತ್ತಿರವೂ ಟಿಕೆಟ್ ಇತ್ತು. ಜೊತೆಗಿದ್ದ ಪ್ರಯಾಣಿಕರು ಪಟ್ಟು ಹಿಡಿದು ಅವರನ್ನು ಒಳಗೆ ಕರೆದುಕೊಂಡು ಹೋದರು. ಮೆಟ್ರೊ ನಿಗಮ ವಿಷಾದ ಹೇಳಿ, ಸೆಕ್ಯುರಿಟಿ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆಯಿತು. ಇಂಥ ಪ್ರತಿ ಘಟನೆಯಲ್ಲೂ ಕೆಲಸ ಹೋಗುವುದು ಬಾಗಿಲಲ್ಲಿ ನಿಂತವರದ್ದು. ಅವರು ಹೆಚ್ಚಾಗಿ ಏಜೆನ್ಸಿಯ ಮೂಲಕ ಬಂದವರು, ಕಡಿಮೆ ಸಂಬಳದವರು, ಎಷ್ಟೋ ಜನ ತಾವೇ ಹಳ್ಳಿಯಿಂದ ಬಂದವರು. ಅವರಪ್ಪ ಊರಲ್ಲಿ ಉಡುವುದೂ ಪಂಚೆಯೋ ಧೋತರವೋ ಇರುತ್ತದೆ. ಯಾರನ್ನು ತಡೆಯಬೇಕು ಎಂದು ಅವರಿಗೆ ಮೇಲಿನವರು ಹೇಳಿರುತ್ತಾರೆ, ಬರೆದು ಮಾತ್ರ ಕೊಟ್ಟಿರುವುದಿಲ್ಲ. ವಿಡಿಯೊ ಹರಿದಾಡಿದ ದಿನ ಮೇಲಿನವರು ನಮಗೆ ಅಂಥ ನಿಯಮವೇ ಇಲ್ಲ ಎನ್ನಬಹುದು.

ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳಿಗೆ 2005ರ ಕೇಂದ್ರ ಕಾನೂನಿದೆ. ಅದರಡಿಯ ಮಾದರಿ ನಿಯಮಗಳ ಪ್ರಕಾರ ಕಾವಲುಗಾರರಿಗೆ 100 ಗಂಟೆ ತರಗತಿ ತರಬೇತಿ, 60 ಗಂಟೆ ಸ್ಥಳದಲ್ಲಿ ತರಬೇತಿ ಕೊಡಬೇಕು. ಜನರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದೂ ಆ ಪಾಠಗಳಲ್ಲಿ ಸೇರಿದೆ. ಮಾಲ್‌ನವರು ಏಜೆನ್ಸಿಯಿಂದ ಆ ತರಬೇತಿಯ ದಾಖಲೆ ಕೇಳಿ ಪಡೆಯಬೇಕು. ಪಾಲಿಕೆಯವರು ಮಾಲ್‌ನಿಂದ ಅದನ್ನು ಕೇಳಬೇಕು.

ಇಷ್ಟೆಲ್ಲ ಹೇಳಿದ್ದು ಮಾಲ್ ಬೇಡ ಅನ್ನುವುದಕ್ಕಲ್ಲ. ಒಂದು ದೊಡ್ಡ ನಗರದಲ್ಲಿ ಹೆಂಗಸರು ರಾತ್ರಿ ಒಂಬತ್ತಕ್ಕೂ ಭಯವಿಲ್ಲದೆ ಓಡಾಡಬಹುದಾದ, ಶುಚಿಯಾದ ಶೌಚಾಲಯ ಇರುವ ಜಾಗ ಎಷ್ಟಿದೆ? ಸಂಪಿಗೆ ರಸ್ತೆಯಲ್ಲಿ ಮೆಟ್ರೊ ನಿಲ್ದಾಣದ ಹೆಸರೇ ಮಾಲ್‌ನ ಹೆಸರು. ಏಪ್ರಿಲ್ ಬಿಸಿಲಲ್ಲಿ ವಯಸ್ಸಾದವರು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ, ಏನೂ ಕೊಳ್ಳದೆ, ತಂಪಿನಲ್ಲಿ ಒಂದು ಗಂಟೆ ಕೂತು ಬರುತ್ತಾರೆ. ಅದು ಒಳ್ಳೆಯದೇ. ಉದ್ಯಾನ ಕಡಿಮೆಯಾದ, ಫುಟ್‌ಪಾತ್ ಕಿತ್ತುಹೋದ ಊರಿನಲ್ಲಿ ಮಾಲ್ ಜನರ ಬೀದಿಯ ಕೆಲಸ ಮಾಡುತ್ತಿದೆ. ಅದಕ್ಕೇ ಅದರ ಬಾಗಿಲಿನ ಬಗ್ಗೆ ಇಷ್ಟು ಕಾಳಜಿ. ಹೋಗದಿದ್ದರೂ ನಡೆಯುವ ಜಾಗವಾಗಿದ್ದರೆ ಯಾರೂ ಇಷ್ಟು ಮಾತಾಡುತ್ತಿರಲಿಲ್ಲ.

ಹಾಗಾಗಿ ಕೇಳುವುದು ಇಷ್ಟೇ. ಮಾಲ್‌ಗೆ ಪ್ರವೇಶದ ನಿಯಮ ಏನಾದರೂ ಇದ್ದರೆ ಅದನ್ನು ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಲಿ. ಟಿಕೆಟ್ ಮಾರುವಾಗಲೇ ಅದನ್ನು ತಿಳಿಸಲಿ. ಪಂಚೆಗೆ ಪ್ರವೇಶವಿಲ್ಲ ಎಂದು ಎಲ್ಲರಿಗೂ ಕಾಣುವ ಹಾಗೆ ಬರೆಯಲು ಬೆಂಗಳೂರಿನಲ್ಲಿ ಯಾವ ಮಾಲ್‌ಗೂ ಧೈರ್ಯ ಬರುವುದಿಲ್ಲ. ಬರೆಯಲಾಗದ ನಿಯಮವನ್ನು ಬಾಯಿಮಾತಲ್ಲಿ ಜಾರಿ ಮಾಡುವುದು ಅಲ್ಲಿಗೆ ನಿಲ್ಲುತ್ತದೆ.

ಅಲ್ಲಿಯವರೆಗೆ ಯಾರನ್ನಾದರೂ ಹೀಗೆ ತಡೆದರೆ, ಕಾರಣವನ್ನು ಬರೆದು ಕೊಡಿ ಎಂದು ಕೇಳಿ. ಮ್ಯಾನೇಜರನ್ನು ಕರೆಸಿ. ಬಲವಂತವಾಗಿ ತಡೆದು ನಿಲ್ಲಿಸಿದರೆ 112ಕ್ಕೆ ಕರೆ ಮಾಡಬಹುದು. ಸಿಸಿಟಿವಿ ದೃಶ್ಯ 30 ದಿನ ಇರಬೇಕೆಂಬ ನಿಯಮ ಇರುವುದರಿಂದ ದೂರು ತಡ ಮಾಡಬೇಡಿ. ಸಿನಿಮಾ ಟಿಕೆಟ್ ಕೊಂಡವರು ಕಾನೂನಿನ ಕಣ್ಣಲ್ಲಿ ಗ್ರಾಹಕರು. ಕೊಂಡ ಸೇವೆ ಸಿಗಲಿಲ್ಲ ಎಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಂಡ ಸೇವೆಯ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಟಿಕೆಟ್‌ನ ಮೆಸೇಜನ್ನು ಫೋನಿನಿಂದ ಅಳಿಸದೆ ಇಟ್ಟುಕೊಳ್ಳಿ.