ಮೊದಲ ಡ್ರೈವ್-ಇನ್ ಥಿಯೇಟರ್ ಮೂರೇ ವರ್ಷಕ್ಕೆ ಯಾಕೆ ಮುಚ್ಚಿತು?

ಪ್ರಶ್ನೆ: ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್ ಥಿಯೇಟರ್‌ಗಳು ಅಮೆರಿಕದಲ್ಲಿ ಒಂದು ಕಾಲಕ್ಕೆ ಸಾವಿರಗಟ್ಟಲೆ ಇದ್ದವಂತೆ. ಆದರೆ ಎಲ್ಲಕ್ಕಿಂತ ಮೊದಲು ಶುರುವಾದದ್ದು ಮೂರೇ ವರ್ಷಕ್ಕೆ ಬಾಗಿಲು ಹಾಕಿತು ಅಂತ ಓದಿದೆ. ಜನ ಬರಲಿಲ್ವಾ?

ಉತ್ತರ: ಜನ ಬಂದರು. ಕೈಕೊಟ್ಟದ್ದು ಸಿನಿಮಾದ ಬಾಡಿಗೆ ಮತ್ತು ಸೌಂಡು.

ಆ ಥಿಯೇಟರ್ ಇದ್ದದ್ದು ನ್ಯೂಜೆರ್ಸಿಯ ಕ್ಯಾಮ್ಡೆನ್ ಪಕ್ಕದ ಪೆನ್ಸಾಕನ್‌ನಲ್ಲಿ, ದೊಡ್ಡ ರಸ್ತೆಯ ಬದಿಗೆ. 1933ರ ಜೂನ್ 6ರಂದು ಶುರುವಾಯಿತು. ಕಟ್ಟಿಸಿದವರು ರಿಚರ್ಡ್ ಹಾಲಿಂಗ್ಸ್‌ಹೆಡ್. ಕಾರಿಗೆ ಬೇಕಾದ ಪಾಲಿಶ್, ಗ್ರೀಸ್ ತಯಾರಿಸುವುದು ಅವರ ಮನೆತನದ ವ್ಯಾಪಾರ. ಆಗ ಅಮೆರಿಕದಲ್ಲಿ ದುಡ್ಡಿಗೆ ಕಷ್ಟದ ಕಾಲ, ಕೆಲಸ ಕಳೆದುಕೊಂಡವರು ಊರ ತುಂಬ. ಅಂಥ ಹೊತ್ತಿನಲ್ಲೂ ಜನ ಸುಲಭಕ್ಕೆ ಬಿಡದ ಸಂಗತಿಗಳು ಯಾವುವು ಅಂತ ಅವರು ಲೆಕ್ಕ ಹಾಕಿದರು. ಊಟ, ಬಟ್ಟೆ, ಆಮೇಲೆ ಕಾರು ಮತ್ತು ಸಿನಿಮಾ. ಕೊನೆಯ ಎರಡನ್ನೂ ಒಂದೇ ಕಡೆ ಸೇರಿಸಿದರೆ ಹೇಗೆ? ಅವರ ಅಮ್ಮ ದಪ್ಪಗಿದ್ದರು, ಥಿಯೇಟರ್ ಸೀಟು ಅವರಿಗೆ ಇರುಕಾಗುತ್ತಿತ್ತು, ಅದರಿಂದಲೇ ಈ ಯೋಚನೆ ಹುಟ್ಟಿತು ಅನ್ನುವ ಕಥೆಯೂ ಇದೆ.

ನನಗೆ ತುಂಬಾ ಇಷ್ಟವಾಗುವುದು ಅವರು ಮನೆ ಮುಂದೆ ಮಾಡಿದ ಪ್ರಯೋಗಗಳು. ಎರಡು ಮರಗಳ ನಡುವೆ ಬಿಳಿ ಬೆಡ್‌ಶೀಟ್ ಕಟ್ಟಿದರು. ಕಾರಿನ ಬಾನೆಟ್ ಮೇಲೆ 1928ರ ಕೊಡಕ್ ಪ್ರೊಜೆಕ್ಟರ್ ಇಟ್ಟರು. ಮಾತಿಗೆ ಏನು ಮಾಡುವುದು? ಬೆಡ್‌ಶೀಟಿನ ಹಿಂದೆ ಒಂದು ರೇಡಿಯೋ ಇಟ್ಟು ಹಚ್ಚಿದರು. ಗಾಜು ಇಳಿಸಿ ಕೇಳಿದರು, ಏರಿಸಿ ಕೇಳಿದರು. ಮಳೆ ಬಂದರೆ? ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರನ್ನು ಕಾರಿನ ಮೇಲೆ ತಿರುಗಿಸಿ, ಒಳಗೆ ಕೂತು ನೋಡಿದರು.

ನಿಜವಾದ ತೊಡಕು ಬಂದದ್ದು ಒಂದು ಕಾರಿನ ಹಿಂದೆ ಇನ್ನೊಂದನ್ನು ನಿಲ್ಲಿಸಿದಾಗ. ಹಿಂದಿನವರಿಗೆ ಮುಂದಿನ ಕಾರಿನ ಬೆನ್ನು ಬಿಟ್ಟರೆ ಏನೂ ಕಾಣದು. ಆಗ ಹಿಂದಿನ ಕಾರಿನ ಮುಂಚಕ್ರಗಳ ಕೆಳಗೆ ಮರದ ತುಂಡು ಕೊಟ್ಟರು. ಮೂತಿ ಮೇಲೆದ್ದಿತು, ಮುಂದಿನ ಕಾರಿನ ಮೇಲಿಂದ ನೋಟ ಸಲೀಸಾಗಿ ಪರದೆಗೆ ಹೋಯಿತು. ಎಷ್ಟು ಎತ್ತರ, ಎಷ್ಟು ಅಂತರ ಅಂತ ಅಳೆದು ನೋಡಿದರು. ಕೊನೆಗೆ ಮರದ ತುಂಡಿನ ಜಾಗಕ್ಕೆ ಮಣ್ಣಿನ ದಿಣ್ಣೆ ಬಂತು. ಪರದೆಗೆ ಮುಖ ಮಾಡಿ ಬಿಲ್ಲಿನಂತೆ ಬಾಗಿದ ಸಾಲುಗಳು, ಪ್ರತಿ ಸಾಲಿಗೂ ಒಂದು ಏರು, ಸಾಲುಗಳ ನಡುವೆ ಓಡಾಡಲು ದಾರಿ. ಈ ನೆಲದ ವಿನ್ಯಾಸಕ್ಕೇ 1933ರ ಮೇ 16ರಂದು ಪೇಟೆಂಟ್ ಸಿಕ್ಕಿತು. ಇದಕ್ಕೂ ಮುಂಚೆ, 1915ರಲ್ಲೇ, ನ್ಯೂ ಮೆಕ್ಸಿಕೋದ ಲಾಸ್ ಕ್ರೂಸಸ್‌ನ ಒಂದು ಬಯಲು ಥಿಯೇಟರ್ ಕಾರುಗಳನ್ನು ಒಳಗೆ ಬಿಡುತ್ತಿತ್ತು. ಆದರೂ ಹಾಲಿಂಗ್ಸ್‌ಹೆಡ್ ಅವರದನ್ನೇ ಮೊದಲನೆಯದು ಅನ್ನುವುದು ಈ ದಿಣ್ಣೆಗಳಿಂದ. ಅದು ಸರಿ ಅಂತಲೇ ನನಗನಿಸುತ್ತದೆ.

ಟಿಕೆಟ್ ಲೆಕ್ಕ ಹೀಗಿತ್ತು: ಕಾರಿಗೆ 25 ಸೆಂಟ್, ಒಳಗಿರುವ ಒಬ್ಬೊಬ್ಬರಿಗೂ 25 ಸೆಂಟ್, ಎಷ್ಟೇ ಜನ ಇದ್ದರೂ ಒಂದು ಡಾಲರ್ ದಾಟುವಂತಿಲ್ಲ. ಮಕ್ಕಳು ಎಷ್ಟೇ ಗಲಾಟೆ ಮಾಡಲಿ, ಇಡೀ ಮನೆಯವರು ಬನ್ನಿ ಅನ್ನುವುದು ಅವರ ಜಾಹೀರಾತು. ಸುಮಾರು 400 ಕಾರು ಹಿಡಿಯುತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಆಗಿನ ದೊಡ್ಡ ಸಿನಿಮಾ ಕಂಪನಿಗಳಿಗೆ ತಮ್ಮದೇ ಥಿಯೇಟರ್‌ಗಳಿದ್ದವು. ಬಯಲಿನಲ್ಲಿ ಎದ್ದ ಹೊಸ ಅಂಗಡಿಗೆ ಅವು ಒಳ್ಳೆಯ ಚಿತ್ರ ಯಾಕೆ ಕೊಟ್ಟಾವು? ಮೊದಲ ರಾತ್ರಿ ತೋರಿಸಿದ ‘ವೈವ್ಸ್ ಬಿವೇರ್’ ಬೇರೆ ಕಡೆ ಓಡಿ ಮುಗಿದಿದ್ದ ಚಿತ್ರ. ಅದಕ್ಕೇ ನಾಲ್ಕು ದಿನಕ್ಕೆ 400 ಡಾಲರ್ ಬಾಡಿಗೆ ತೆತ್ತರು. ಅಂದರೆ ಇಡೀ ಬಯಲು ಒಂದು ಸಲ ಭರ್ತಿಯಾದರೆ ಬರುವ ಅಷ್ಟೂ ದುಡ್ಡು ಸೀದಾ ಬಾಡಿಗೆಗೆ! ಆಳುಕಾಳು, ಕರೆಂಟು, ಜಾಗದ ಖರ್ಚು ಬೇರೆ. ಕತ್ತಲಾಗದೆ ಶೋ ಶುರುಮಾಡುವಂತಿಲ್ಲ. ಅದೂ ಹಿಮ ಬೀಳುವ ಊರು.

ಸೌಂಡಿನ ಕಥೆ ಇನ್ನೂ ಕಷ್ಟ. ಪರದೆಯ ಹತ್ತಿರ ಆರ್‌ಸಿಎ ವಿಕ್ಟರ್ ಅನ್ನುವ ರೇಡಿಯೋ ಕಂಪನಿಯ ಮೂರು ದೊಡ್ಡ ಸ್ಪೀಕರ್ ಇದ್ದವು. ಹಿಂದಿನ ಸಾಲಿಗೆ ಕೇಳಿಸಲಿ ಅಂತ ಜಾಸ್ತಿ ಮಾಡಿದರೆ ಮುಂದಿನವರ ಕಿವಿ ಗುಂಯ್ ಅನ್ನುತ್ತದೆ, ಅಕ್ಕಪಕ್ಕದ ಮನೆಯವರ ನಿದ್ದೆಯೂ ಕೆಡುತ್ತದೆ. ಕಡಿಮೆ ಮಾಡಿದರೆ ಹಿಂದಿನವರಿಗೆ ಪಿಸುಮಾತು. ಇನ್ನೊಂದಿದೆ: 100 ಮೀಟರ್ ದೂರ ಹೋಗಲು ಶಬ್ದಕ್ಕೆ ಸುಮಾರು 0.3 ಸೆಕೆಂಡ್ ಬೇಕು. ಹಿಂದೆ ಕೂತವರಿಗೆ ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ಒಂದೊಂದು ಕಾರಿಗೂ ಒಂದೊಂದು ಪುಟ್ಟ ಸ್ಪೀಕರ್ ಕೊಡುವ ಉಪಾಯವನ್ನು ಆರ್‌ಸಿಎ ತಂದದ್ದು 1941ರಲ್ಲಿ. ಅಷ್ಟು ಹೊತ್ತಿಗೆ ಹಾಲಿಂಗ್ಸ್‌ಹೆಡ್ ಥಿಯೇಟರ್ ಮಾರಿ ವರ್ಷಗಳೇ ಕಳೆದಿದ್ದವು.

ಪೇಟೆಂಟಾದರೂ ಕಾಪಾಡಿತೇ ಅಂದರೆ, ಅದೂ ಇಲ್ಲ. ಬೇರೆಯವರು ಇದೇ ದಿಣ್ಣೆ ಕಟ್ಟಿಕೊಂಡರು, ರಾಯಲ್ಟಿ ಕೊಡದೆ ಸತಾಯಿಸಿದರು. ಲೋವ್ಸ್ ಕಂಪನಿಯ ಡ್ರೈವ್-ಇನ್ ಜೊತೆಗಿನ ಕೇಸಿನಲ್ಲಿ 1949ರಲ್ಲಿ ಅಪೀಲು ಕೋರ್ಟು ಪೇಟೆಂಟನ್ನೇ ರದ್ದು ಮಾಡಿತು. ಥಿಯೇಟರಿನೊಳಗೆ ಸೀಟುಗಳನ್ನು ಬಾಗಿಸಿ, ಮೆಟ್ಟಿಲು ಮೆಟ್ಟಿಲಾಗಿ ಇಡುವುದು ಹಳೆಯ ಪದ್ಧತಿ. ಸೀಟಿನ ಬದಲು ಕಾರು ನಿಲ್ಲಿಸಿದ ಮಾತ್ರಕ್ಕೆ ಹೊಸ ಆವಿಷ್ಕಾರ ಆಗುವುದಿಲ್ಲ ಅನ್ನುವುದು ತೀರ್ಪಿನ ಸಾರ. ಕಾನೂನು ಹಾಗಿರಬಹುದು. ಆದರೆ ಚಕ್ರದ ಕೆಳಗೆ ಮರದ ತುಂಡು ಇಟ್ಟು ಇಟ್ಟು ಅಳೆದ ಆ ಮನುಷ್ಯನನ್ನು ನೆನೆದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. 1950ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 4,000 ಡ್ರೈವ್-ಇನ್‌ಗಳಿದ್ದವು.

ಪೆನ್ಸಾಕನ್ ಆದ ಮರುವರ್ಷವೇ, 1934ರ ಏಪ್ರಿಲ್‌ನಲ್ಲಿ, ಪೆನ್ಸಿಲ್ವೇನಿಯಾದ ಓರ್‌ಫೀಲ್ಡ್‌ನಲ್ಲಿ ಶುರುವಾದ ಶ್ಯಾಂಕ್‌ವೈಲರ್ಸ್ ಇನ್ನೂ ನಡೆಯುತ್ತಿದೆ. ಅಲ್ಲಿ ಈಗ ಸಿನಿಮಾದ ಮಾತು ಕೇಳುವುದು ಕಾರಿನೊಳಗಿನ ರೇಡಿಯೋದಲ್ಲಿ.